ಮಾತು ಯಾರದು, ಧಾತು ಯಾರದು?

ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಕಾಕ್ಕನಾಡಿನ ಈ ಹಾಲ್‌ಗೆ ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ಒಂದು ಪ್ರಶ್ನೆ ಕೇಳ್ತೀನಿ. ನಮ್ಮ ಅನಂತ್ ನಾಗ್ ಮಲಯಾಳಂ ಸಿನಿಮಾ ಒಂದರಲ್ಲಿ ತಿರುವಾಂಕೂರಿನ ಮಹಾರಾಜ ಆಗಿದ್ದರು ಅಂತ ಎಷ್ಟು ಜನಕ್ಕೆ ಗೊತ್ತು? ನಾಲ್ಕು ಕೈ. ಪರವಾಗಿಲ್ಲ. 1987ರ ಸಿನಿಮಾ, ಲೆನಿನ್ ರಾಜೇಂದ್ರನ್ ನಿರ್ದೇಶನ, ಹೆಸರು 'ಸ್ವಾತಿ ತಿರುನಾಳ್'. ನೋಡಿಲ್ಲದವರು ನೋಡಿ. ಇವತ್ತು ನಾನು ಮಾತಾಡೋದು ಆ ಮಹಾರಾಜನ ಬಗ್ಗೆ ಅಲ್ಲ, ಅವರ ಹಾಡುಗಳನ್ನು ಪುಸ್ತಕ ಮಾಡೋದರ ಬಗ್ಗೆ. ಒಬ್ಬ ಸಂಗೀತ ರಚನಕಾರನ 'ಸಮಗ್ರ ಕೃತಿಗಳು' ಅಂತ ಹೊರಗೆ ತರೋದು ಅಂದರೆ ಏನು, ಅದನ್ನು ಅರ್ಧಂಬರ್ಧ ಮಾಡಿದರೆ ಏನಾಗ್ತದೆ ಅನ್ನೋದರ ಬಗ್ಗೆ.

ಮೊದಲು ಎರಡು ಶಬ್ದ. ನಮ್ಮ ಸಂಗೀತಶಾಸ್ತ್ರದಲ್ಲಿ ಹಾಡಿನ ಸಾಹಿತ್ಯಕ್ಕೆ 'ಮಾತು' ಅಂತಾರೆ, ರಾಗದಲ್ಲಿ ಕೂಡಿಸಿದ ಮಟ್ಟಿಗೆ 'ಧಾತು' ಅಂತಾರೆ. ಎರಡನ್ನೂ ತಾನೇ ಮಾಡಿದವನು ವಾಗ್ಗೇಯಕಾರ. ತ್ಯಾಗರಾಜರು, ದೀಕ್ಷಿತರು, ಪುರಂದರದಾಸರು ಎಲ್ಲರನ್ನೂ ನಾವು ಇದೇ ಹೆಸರಿನಿಂದ ಕರೀತೀವಿ. ಕರೆಯುವಾಗ ಎರಡೂ ಅವರದೇ ಅಂತ ಒಪ್ಪಿಕೊಂಡೇ ಕರೀತೀವಿ. ಅಲ್ಲೇ ಕಥೆ ಶುರುವಾಗೋದು.

ಸ್ವಾತಿ ತಿರುನಾಳ್ ಹುಟ್ಟಿದ್ದು 1813ರಲ್ಲಿ. ಹುಟ್ಟುವ ಮೊದಲೇ ಸಿಂಹಾಸನ ಕಾಯ್ತಿತ್ತು, ಅದಕ್ಕೇ 'ಗರ್ಭಶ್ರೀಮಾನ್' ಅನ್ನೋ ಬಿರುದು. 1829ರಲ್ಲಿ ಅಧಿಕಾರ, 1846ರಲ್ಲಿ ಸಾವು, ವಯಸ್ಸು 33. ಈ ರೂಮಿನಲ್ಲಿ ಸೀನಿಯರ್ ಎಂಜಿನಿಯರ್ ಆಗೋ ವಯಸ್ಸು. ಅಷ್ಟರಲ್ಲಿ ಸುಮಾರು 400 ರಚನೆಗಳು ಅವರ ಹೆಸರಲ್ಲಿವೆ. ಸಂಸ್ಕೃತ, ಮಲಯಾಳಂ, ತೆಲುಗು, ಹಿಂದೂಸ್ತಾನಿ ಭಾಷೆ, ಮತ್ತೆ ಕನ್ನಡ. ಹೌದು, ಕನ್ನಡ. ಶಂಕರಾಭರಣದ 'ರಾಜೀವಾಕ್ಷ ಬಾರೋ' ಕೇಳಿ. ಆಸ್ಥಾನದಲ್ಲಿ ತಂಜಾವೂರಿನ ವಡಿವೇಲು ಇದ್ದರು, ಮರಾಠಿ ಹರಿಕಥೆಯ ಮೇರುಸ್ವಾಮಿ ಇದ್ದರು. ರಾಜನಿಗೆ ಪಾಠ ಹೇಳಿದ ಸುಬ್ಬರಾಯರೂ ತಂಜಾವೂರಿನವರೇ. ಅವತ್ತಿನ ತಿರುವನಂತಪುರ ಇವತ್ತಿನ ಟೆಕ್ನೋಪಾರ್ಕ್ ಥರ, ಊಟದ ಹೊತ್ತಿಗೆ ಐದು ಭಾಷೆ ಕಿವಿಗೆ ಬೀಳುತ್ತಿದ್ದ ಜಾಗ.

ಈಗ ಸ್ವಲ್ಪ ದೂರ ಹೋಗೋಣ, ಇಟಲಿಗೆ. ಕಾರಣ ಇದೆ.

ಯುರೋಪಿನಲ್ಲಿ ಬರೋಕ್ ಸಂಗೀತ ಕಣ್ಣು ಬಿಡುತ್ತಿದ್ದ ಕಾಲದ ದೊಡ್ಡ ಹೆಸರು ಕ್ಲಾಡಿಯೋ ಮಾಂಟೆವೆರ್ಡಿ, 1567ರಿಂದ 1643. ನಮ್ಮ ಪುರಂದರದಾಸರು ತೀರಿಕೊಂಡು ಮೂರು ವರ್ಷಕ್ಕೆ ಹುಟ್ಟಿದವರು. ಸತ್ತ ಮೇಲೆ ಜನ ಅವರನ್ನು ಹೆಚ್ಚುಕಮ್ಮಿ ಮರೆತೇ ಬಿಟ್ಟಿದ್ದರು. ಇಪ್ಪತ್ತನೇ ಶತಮಾನದಲ್ಲಿ ಮಾಲಿಪಿಯೆರೋ ಅನ್ನೋ ಇನ್ನೊಬ್ಬ ರಚನಕಾರ ಅಸೋಲೋ ಅನ್ನೋ ಸಣ್ಣ ಊರಲ್ಲಿ ಕೂತು, 1926ರಿಂದ 1942ರವರೆಗೆ, ಮಾಂಟೆವೆರ್ಡಿಯ ಸಮಗ್ರ ಕೃತಿಗಳನ್ನು 16 ಸಂಪುಟ ಮಾಡಿ ತಂದರು. ಆಮೇಲೆ ಬಂದ ವಿದ್ವಾಂಸರು ಅದರಲ್ಲಿ ಬೇಕಾದಷ್ಟು ತಪ್ಪು ಹುಡುಕಿದರು. ಮಾಂಟೆವೆರ್ಡಿ ಹುಟ್ಟಿದ ಕ್ರೆಮೋನಾದಲ್ಲಿರುವ ಒಂದು ಪ್ರತಿಷ್ಠಾನ 1970ರಿಂದ ಈಚೆಗೆ ಮತ್ತೆ ಹೊಸ ಆವೃತ್ತಿ ಶುರು ಮಾಡಿತು. ಒಮ್ಮೆ ಮಾಡಿ ಮುಗಿಸುವ ಕೆಲಸ ಅಲ್ಲ ಇದು, ಮೇಂಟೆನೆನ್ಸ್ ಪ್ರಾಜೆಕ್ಟ್!

ನನಗೆ ಇದರಲ್ಲಿ ತುಂಬ ಇಷ್ಟವಾದ ವಿಷಯ ಒಂದಿದೆ. ಆ ಕಾಲದ ರಚನೆಗಳಲ್ಲಿ ಹೆಚ್ಚಾಗಿ ಎರಡೇ ಸಾಲು ಬರೀತಿದ್ದರು: ಹಾಡುವ ದನಿ, ಮತ್ತೆ ಕೆಳಗಿನ ಮಂದ್ರದ ಸಾಲು. ನಡುವೆ ಏನು ತುಂಬಬೇಕು ಅನ್ನೋದು ಹಾರ್ಪ್ಸಿಕಾರ್ಡ್ ನುಡಿಸುವವನ ಬುದ್ಧಿಗೆ ಬಿಟ್ಟಿದ್ದು. ಇವತ್ತು ಆವೃತ್ತಿ ತರುವ ಸಂಪಾದಕ ಆ ನಡುವಿನ ಜಾಗ ತುಂಬಿಸಿಕೊಡ್ತಾನೆ, ಇಲ್ಲದಿದ್ದರೆ ನುಡಿಸೋದು ಕಷ್ಟ. ಆದರೆ ತಾನು ತುಂಬಿಸಿದ್ದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸ್ತಾನೆ. ದೊಡ್ಡ ಅಕ್ಷರದ್ದು ಮೂಲದವನದು, ಸಣ್ಣದು ನನ್ನದು. ಪುಟ ನೋಡಿದ ತಕ್ಷಣ ಗೊತ್ತಾಗಬೇಕು.

ಇನ್ನೊಂದು ಉದಾಹರಣೆ. ಮಾಂಟೆವೆರ್ಡಿಯ ಕೊನೆಯ ಆಪೆರಾ 'ಪೊಪ್ಪೇಯಾ' ನಮಗೆ ಉಳಿದಿರೋದು ವೆನಿಸ್ಸಿನಲ್ಲಿ ಒಂದು, ನೇಪಲ್ಸಿನಲ್ಲಿ ಒಂದು, ಹೀಗೆ ಎರಡು ಕೈಬರಹದ ಪ್ರತಿಗಳಲ್ಲಿ. ಎರಡೂ ಅವರು ಸತ್ತ ಮೇಲಿನವು. ಅದರ ಕೊನೆಯ ಯುಗಳಗೀತೆ ಜಗತ್ತಿನಲ್ಲಿ ಎಷ್ಟು ಜನಪ್ರಿಯ ಅಂದರೆ, ಆಪೆರಾ ಗೊತ್ತಿಲ್ಲದವರಿಗೂ ಅದು ಗೊತ್ತು. ಆ ಹಾಡು ಬಹುಶಃ ಮಾಂಟೆವೆರ್ಡಿಯದ್ದಲ್ಲ ಅಂತ ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಂತ ಹಾಡೋದು ನಿಲ್ಲಿಸಿದ್ದಾರಾ? ಇಲ್ಲ. ಮಾಂಟೆವೆರ್ಡಿಯೇ ಸುಳ್ಳು ಅಂತ ಯಾರಾದರೂ ಅಂದರಾ? ಅದೂ ಇಲ್ಲ. ಆವೃತ್ತಿಯಲ್ಲಿ ಒಂದು ಟಿಪ್ಪಣಿ ಇದೆ, ಸಂಶಯ ಅಲ್ಲಿ ಕೂತಿದೆ, ಹಾಡು ವೇದಿಕೆ ಮೇಲಿದೆ.

ಈಗ ತಿರುವನಂತಪುರಕ್ಕೆ ವಾಪಸ್.

ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡಿದವರಿಗೆ ಕಾರ್ಯವಟ್ಟಂ ಗೊತ್ತಿರ್ತದೆ. ಅಲ್ಲಿ ಕೇರಳ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಮತ್ತು ಹಸ್ತಪ್ರತಿ ಗ್ರಂಥಾಲಯ ಇದೆ. ಹತ್ತಾರು ಸಾವಿರ ತಾಳೆಗರಿ ಕಟ್ಟುಗಳು, ನಮ್ಮ ಸರ್ವರ್ ರೂಮ್‌ಗಳ ಪಕ್ಕದಲ್ಲೇ. ತಿರುವನಂತಪುರಕ್ಕೆ ಹಸ್ತಪ್ರತಿ ಸಂಪಾದನೆಯ ದೊಡ್ಡ ಪರಂಪರೆ ಇದೆ. ಗಣಪತಿ ಶಾಸ್ತ್ರಿಗಳು 1905ರಲ್ಲಿ ಶುರು ಮಾಡಿದ ತಿರುವನಂತಪುರ ಸಂಸ್ಕೃತ ಗ್ರಂಥಮಾಲೆಯಲ್ಲೇ ಭಾಸನದು ಎನ್ನಲಾದ 13 ನಾಟಕಗಳು 1912ರಿಂದ ಹೊರಬಂದದ್ದು. ಅದರ ಮೇಲೂ 'ನಿಜವಾಗಿ ಭಾಸನದಾ?' ಅಂತ ಇವತ್ತಿಗೂ ಜಗಳ ಇದೆ. ಈ ಊರಿಗೂ ಕರ್ತೃತ್ವದ ಜಗಳಕ್ಕೂ ಏನೋ ನಂಟು ಇರಬೇಕು!

ಅದೇ ಗ್ರಂಥಮಾಲೆಯಲ್ಲಿ 1932ರಲ್ಲಿ ಸಾಂಬಶಿವ ಶಾಸ್ತ್ರಿಗಳು ಸ್ವಾತಿ ತಿರುನಾಳರ ಸಂಗೀತ ಕೃತಿಗಳನ್ನು ಸಂಪಾದಿಸಿದರು. ಅದಕ್ಕೂ ಮೊದಲು 1910ರ ದಶಕದಲ್ಲಿ ಚಿದಂಬರ ವಾಧ್ಯಾರರ ಸಂಗ್ರಹ ಬಂದಿತ್ತು. ಇವುಗಳಲ್ಲಿ ಸಾಹಿತ್ಯ ಇದೆ, ರಾಗದ ಹೆಸರಿದೆ, ತಾಳದ ಹೆಸರಿದೆ. ಅಂದರೆ ಮಾತು ಗಟ್ಟಿಯಾಗಿ ಉಳಿದಿದೆ. ಧಾತು? ಅದು ಹಾಡುವವರ ಗಂಟಲಲ್ಲಿ ಇರೋದು. ತ್ಯಾಗರಾಜರಿಗೆ ಶಿಷ್ಯರಿದ್ದರು, ವಾಲಾಜಾಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನ ಅಂತ ಶಿಷ್ಯಪರಂಪರೆಗಳೇ ಬೆಳೆದವು. ರಾಜನಿಗೆ ಆಸ್ಥಾನ ಇರ್ತದೆ, ಶಿಷ್ಯರು ಇರಲ್ಲ. ರಾಜ ಹೋದ ಮೇಲೆ ಆಸ್ಥಾನದವರೂ ಚದುರಿಹೋಗ್ತಾರೆ. ಮುಲ್ಲಮೂಡು ಭಾಗವತರು ಅನ್ನೋ ಪರಂಪರೆಯ ಗಾಯಕರ ಬಾಯಲ್ಲಿ, ದೇವಸ್ಥಾನದ ಸೇವೆಯಲ್ಲಿ, ನವರಾತ್ರಿ ಮಂಟಪದ ಒಂಬತ್ತು ರಾತ್ರಿಗಳ ಒಂಬತ್ತು ಕೃತಿಗಳಲ್ಲಿ ಒಂದಷ್ಟು ಉಳಿಯಿತು. ಮಿಕ್ಕದ್ದು ಬರೀ ಕಾಗದದ ಮೇಲೆ.

ಇಲ್ಲಿ ಬರ್ತಾರೆ ನಮ್ಮ ಮೈಸೂರಿನ ಹಳೇ ಪರಿಚಯದವರು, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಮೈಸೂರು ಆಸ್ಥಾನ ವಿದ್ವಾಂಸರು, ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ಮಾಡಿದವರು. ತಿರುವಾಂಕೂರಿನ ರಾಜಮಾತೆ ಸೇತು ಪಾರ್ವತಿ ಬಾಯಿಯವರ ಆಸಕ್ತಿಯಿಂದ ಅವರು ಇಲ್ಲಿಗೆ ಬಂದರು. 1939ರಲ್ಲಿ ಸ್ವಾತಿ ತಿರುನಾಳ್ ಸಂಗೀತ ಅಕಾಡೆಮಿ ಆದಾಗ ಮೊದಲ ಪ್ರಿನ್ಸಿಪಾಲ್ ಅವರೇ. ಈಗ ತೈಕ್ಕಾಡಿನಲ್ಲಿ ಸಂಗೀತ ಕಾಲೇಜು ಇದೆಯಲ್ಲ, ಅದೇ. ಅವರ ನಂತರ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಸುಮಾರು ಎರಡು ದಶಕ. ಇವರು ಮಾಡಿದ್ದು ಏನಂದರೆ, ಹಳೆಯ ಪಾಠ ಸಿಕ್ಕಿದ ಕಡೆ ಅದನ್ನು ತಿದ್ದಿ ತೀಡಿ ಕಛೇರಿಗೆ ತಂದರು. ಸಿಗದ ಕಡೆ ತಾವೇ ಹೊಸದಾಗಿ ಮಟ್ಟು ಹಾಕಿದರು. ಪುಣ್ಯದ ಕೆಲಸ. ಇವರು ಮಾಡದಿದ್ದರೆ ಇವತ್ತು ನಾವು ಸ್ವಾತಿ ತಿರುನಾಳರ ಹೆಸರನ್ನು ಪಠ್ಯಪುಸ್ತಕದಲ್ಲಿ ಓದ್ತಿದ್ದೆವು, ಯೂಟ್ಯೂಬಿನಲ್ಲಿ ಕೇಳ್ತಿರಲಿಲ್ಲ.

'ಭಾವಯಾಮಿ ರಘುರಾಮಂ' ತಗೊಳ್ಳಿ. ಎಂ. ಎಸ್. ಸುಬ್ಬುಲಕ್ಷ್ಮಿಯವರ ದನಿಯಲ್ಲಿ ನಿಮ್ಮ ಮನೇಲೂ ಬೆಳಿಗ್ಗೆ ಕೇಳಿರ್ತೀರಿ. ಆರು ಚರಣಗಳಲ್ಲಿ ಆರು ಕಾಂಡದ ರಾಮಾಯಣ. ಸಾವೇರಿಯಲ್ಲಿ ಶುರುವಾಗಿ ನಾಟಕುರಂಜಿ, ಧನ್ಯಾಸಿ, ಮೋಹನ, ಮುಖಾರಿ, ಪೂರ್ವಿಕಲ್ಯಾಣಿ ದಾಟಿ ಮಧ್ಯಮಾವತಿಯಲ್ಲಿ ಬಂದು ನಿಲ್ಲೋ ರಾಗಮಾಲಿಕೆ. ಕಿಷ್ಕಿಂಧಾಕಾಂಡಕ್ಕೆ ಮುಖಾರಿ ಬರೋ ಜಾಗ ಇದೆಯಲ್ಲ, ಅಲ್ಲಿ ಸಂಕಟ ರಾಗದಲ್ಲೇ ಕೂತಿದೆ ಅನ್ನಿಸ್ತದೆ. ಆದರೆ ಮೂಲದಲ್ಲಿ ಈ ಕೃತಿ ಇಡೀ ಸಾವೇರಿ ರಾಗದ್ದು. ರಾಗಮಾಲಿಕೆ ಮಾಡಿದ್ದು ಸೆಮ್ಮಂಗುಡಿಯವರು, ಇಪ್ಪತ್ತನೇ ಶತಮಾನದಲ್ಲಿ. ಇದು ಗುಟ್ಟೇನಲ್ಲ, ಸಂಗೀತದವರಿಗೆಲ್ಲ ಗೊತ್ತು. ಹಾಡು ಕೇಳಿ ಕಣ್ಣೊರೆಸಿಕೊಳ್ಳುವ ನಮಗೆ ಗೊತ್ತಿಲ್ಲ, ಅಷ್ಟೇ. ಮುಖಾರಿಗೆ ಕಣ್ಣೀರು ಬಂದರೆ ಅದರಲ್ಲಿ ಅರ್ಧ ಋಣ ಸೆಮ್ಮಂಗುಡಿಯವರಿಗೆ ಸಲ್ಲಬೇಕು, ಅಲ್ವಾ? ಆಲ್ಬಂ ಕವರಿನ ಮೇಲೆ ಸಾಮಾನ್ಯವಾಗಿ ಒಂದೇ ಹೆಸರು ಇರ್ತದೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ: ಕೋಡ್ ಅದ್ಭುತವಾಗಿ ಓಡ್ತಿದೆ, ಆದರೆ ಕಮಿಟ್ ಹಿಸ್ಟರಿ ಇಲ್ಲ. ಯಾವ ಸಾಲು ಯಾರು ಬರೆದದ್ದು ಅಂತ 'ಗಿಟ್ ಬ್ಲೇಮ್' ಹೊಡೆದರೆ ಎಲ್ಲ ಸಾಲಿನ ಮುಂದೆಯೂ ಮಹಾರಾಜರ ಹೆಸರೇ ಬರ್ತದೆ. ಮೊದಲ ದಿನ ಇದು ಯಾರಿಗೂ ತೊಂದರೆ ಕೊಡಲ್ಲ. ತೊಂದರೆ ಬರೋದು ಆಡಿಟ್ ದಿನ.

ಆಡಿಟ್ ಮಾಡಲು ಬಂದವರು ವೀಣೆ ಎಸ್. ಬಾಲಚಂದರ್. ಸಾಧಾರಣ ಮನುಷ್ಯ ಅಲ್ಲ, ವೀಣೆಯ ಮಹಾ ವಿದ್ವಾಂಸ. 1954ರಲ್ಲಿ 'ಅಂದ ನಾಳ್' ಅನ್ನೋ ತಮಿಳು ಸಿನಿಮಾ ನಿರ್ದೇಶಿಸಿದವರೂ ಅವರೇ, ಅದೂ ಒಂದು ಕೊಲೆಯ ತನಿಖೆಯ ಕಥೆ. 1980ರ ದಶಕದಲ್ಲಿ ಅವರು ಬಹಿರಂಗವಾಗಿ ಕೇಳಿದರು: ಈ ಮಟ್ಟುಗಳನ್ನೆಲ್ಲ ಮುತ್ತಯ್ಯ ಭಾಗವತರು, ಸೆಮ್ಮಂಗುಡಿ ಹಾಕಿದ್ದಾದರೆ ಸ್ವಾತಿ ತಿರುನಾಳ್ ಎಂಬ ವಾಗ್ಗೇಯಕಾರ ಎಲ್ಲಿದ್ದಾನೆ? ಕಡೆಗೆ ಅಂಥ ವಾಗ್ಗೇಯಕಾರನೇ ಇರಲಿಲ್ಲ ಅನ್ನುವವರೆಗೆ ಹೋದರು. ಮದ್ರಾಸಿಗೂ ತಿರುವನಂತಪುರಕ್ಕೂ ನಡುವೆ ವರ್ಷಗಟ್ಟಲೆ ಕಾವೇರಿತು.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಬಾಲಚಂದರ್ ಅವರ ಪ್ರಶ್ನೆ ಸರಿ, ತೀರ್ಪು ತಪ್ಪು. ಅಕಾಡೆಮಿ ಹುಟ್ಟೋದಕ್ಕೆ 35 ವರ್ಷ ಮೊದಲೇ, 1904ರಲ್ಲಿ, ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ತಿರುವಾಂಕೂರಿನ ಕುಲಶೇಖರ ಮಹಾರಾಜರನ್ನು ವಾಗ್ಗೇಯಕಾರರ ಸಾಲಿನಲ್ಲಿ ಹೆಸರಿಸಿದ್ದಾರೆ. ಅಚ್ಚಾದ ಸಂಗ್ರಹ ಇದೆ, ಹಸ್ತಪ್ರತಿ ಇದೆ, ನವರಾತ್ರಿ ಮಂಟಪದ ಪದ್ಧತಿ ಇದೆ. 1975ರಲ್ಲಿ ಎಸ್. ವೆಂಕಟಸುಬ್ರಮಣ್ಯ ಅಯ್ಯರ್ ಇವನ್ನೆಲ್ಲ ಜಾಲಾಡಿ ಸ್ವಾತಿ ತಿರುನಾಳರ ಸಂಗೀತದ ಮೇಲೆ ದೊಡ್ಡ ಪುಸ್ತಕವೇ ಬರೆದಿದ್ದರು. ಈಚೆಗೆ ಈ ವಿವಾದಕ್ಕೆ ಬಿಡದೆ ಉತ್ತರ ಕೊಟ್ಟವರಲ್ಲಿ ಒಬ್ಬರು ಅಚ್ಯುತಶಂಕರ್ ಎಸ್. ನಾಯರ್. ಅವರು ಕೇರಳ ವಿಶ್ವವಿದ್ಯಾಲಯದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಪ್ರೊಫೆಸರ್ ಆಗಿದ್ದವರು. ನಮ್ಮಂಥವರು ಅಂದುಕೊಳ್ಳಿ, ಡೇಟಾ ಜನ. ಸ್ವಾತಿ ತಿರುನಾಳರ ಬಗ್ಗೆ ಪುಸ್ತಕವನ್ನೂ ಬರೆದರು, ವೆಬ್‌ಸೈಟನ್ನೂ ಕಟ್ಟಿದರು.

ಆದರೂ ನೋಡಿ, ಜಗಳ ಹುಟ್ಟಿದ್ದು ಯಾಕೆ? ಸಣ್ಣ ಅಕ್ಷರ ಇಲ್ಲದೆ ಹೋದದ್ದಕ್ಕೆ. 'ಮಾತು: ಸ್ವಾತಿ ತಿರುನಾಳ್. ಹಸ್ತಪ್ರತಿಯಲ್ಲಿ ರಾಗ: ಸಾವೇರಿ. ಈಗಿನ ರಾಗಮಾಲಿಕೆಯ ಧಾತು: ಸೆಮ್ಮಂಗುಡಿ' ಅಂತ ಪ್ರತಿ ಕೃತಿಯ ತಲೆಯ ಮೇಲೆ ಮೂರು ಸಾಲು ಇದ್ದಿದ್ದರೆ ಬಾಲಚಂದರ್ ಕೇಳೋದಕ್ಕೆ ಏನೂ ಉಳೀತಿರಲಿಲ್ಲ. ಮಹಾರಾಜರಿಗೆ ಹೆಚ್ಚು ಗೌರವ ಸಿಗಲಿ ಅಂತ ಎಲ್ಲವನ್ನೂ ಅವರ ಹೆಸರಿಗೆ ಬರೆದದ್ದು ಕೊನೆಗೆ ಅವರ ಹೆಸರನ್ನೇ ಅನುಮಾನಕ್ಕೆ ತಳ್ಳಿತು.

ನಮ್ಮ ಕೊಚ್ಚಿಯವರನ್ನು ಮರೆಯೋ ಹಾಗಿಲ್ಲ. ತ್ರಿಪ್ಪೂಣಿತ್ತುರದಲ್ಲಿ ಹುಟ್ಟಿದ ಟಿ. ಕೆ. ಗೋವಿಂದ ರಾವ್ 1948ರ 'ನಿರ್ಮಲ' ಸಿನಿಮಾದಲ್ಲಿ ಮಲಯಾಳಂನ ಮೊದಲ ಹಿನ್ನೆಲೆ ಹಾಡು ಹಾಡಿದವರು. ಆಮೇಲೆ ಚೆನ್ನೈಯಲ್ಲಿ ಮುಸಿರಿಯವರ ಶಿಷ್ಯರಾದರು, ವಾಗ್ಗೇಯಕಾರರ ಕೃತಿಗಳನ್ನು ದಪ್ಪ ದಪ್ಪ ಸಂಪುಟಗಳಲ್ಲಿ ತಂದರು. 2002ರ ಸ್ವಾತಿ ತಿರುನಾಳ್ ಸಂಪುಟ ಅದರಲ್ಲಿ ಒಂದು. ಸ್ವರಪ್ರಸ್ತಾರ ಸಮೇತ, ಬಹಳ ಉಪಯೋಗದ ಪುಸ್ತಕ. ಹಾಡುವವರಿಗೆ ಅದು ಸಾಕು. ನಾನು ಕೇಳ್ತಿರೋ ಪುಸ್ತಕ ಬೇರೆ: ಎರಡು ಪ್ರತಿಗಳಲ್ಲಿ ಪಾಠ ಬೇರೆ ಬೇರೆ ಇದ್ದರೆ ಎರಡನ್ನೂ ಕೊಡೋದು, ರಾಗ ಬದಲಾಗಿದ್ದರೆ ಎಲ್ಲಿ ಬದಲಾಯ್ತು ಅಂತ ಹೇಳೋದು. ಅಂಕಿತದ ಗೊಂದಲವನ್ನೂ ಬಿಡಿಸಬೇಕು. ಮಹಾರಾಜರ ಅಂಕಿತ ಪದ್ಮನಾಭ, ಅದರ ಹತ್ತೆಂಟು ಪರ್ಯಾಯಗಳು: ಸರಸಿಜನಾಭ, ಜಲಜನಾಭ, ಪಂಕಜನಾಭ. ಅವರನ್ನು ತೊಟ್ಟಿಲಲ್ಲಿ ಮಲಗಿಸಲು ಲಾಲಿ ಬರೆದರು ಅಂತ ಹೇಳೋ ಇರಯಿಮ್ಮನ್ ತಂಪಿಯವರೂ ಪದ್ಮನಾಭನನ್ನೇ ಕರೀತಾರೆ. ಅಂಕಿತ ನೋಡಿ ಕರ್ತೃ ಯಾರು ಅಂತ ತೀರ್ಮಾನಿಸೋಕೆ ಆಗಲ್ಲ.

ಮತ್ತೆ ಕನ್ನಡ ಹಾಡುಗಳು. ಇಲ್ಲಿ ನಿಮ್ಮ ಅಗತ್ಯ ಇದೆ, ತಮಾಷೆಗೆ ಹೇಳ್ತಿಲ್ಲ. ಹಳೆಯ ಮಲಯಾಳಂ ಬರವಣಿಗೆಯಲ್ಲಿ ಹ್ರಸ್ವ ಎ-ದೀರ್ಘ ಏ, ಹ್ರಸ್ವ ಒ-ದೀರ್ಘ ಓ ವ್ಯತ್ಯಾಸ ತೋರಿಸುತ್ತಿರಲಿಲ್ಲ. ಅಂಥ ಪ್ರತಿಯಲ್ಲಿ ಕನ್ನಡ ಬಂದರೆ 'ಬೆಳೆ'ಯೋ 'ಬೇಳೆ'ಯೋ, 'ಕೊಡು' ಅಂದನೋ 'ಕೋಡು' ಅಂದನೋ ಕನ್ನಡ ಬಲ್ಲವನೇ ಹೇಳಬೇಕು. ಪಾಪ, ಸಂಸ್ಕೃತ ಪಂಡಿತರು ಏನು ಮಾಡ್ತಾರೆ? ಹತ್ತೊಂಬತ್ತನೇ ಶತಮಾನದಲ್ಲಿ ಈ ಗುರುತುಗಳನ್ನು ಬಳಕೆಗೆ ತಂದವರಲ್ಲಿ ತಲಶ್ಶೇರಿಯ ಹರ್ಮನ್ ಗುಂಡರ್ಟ್ ಒಬ್ಬರು. ಅವರ ಗೆಳೆಯ, ಬಾಸೆಲ್ ಮಿಶನ್ನಿನವರೇ ಆದ ಹರ್ಮನ್ ಮೋಗ್ಲಿಂಗ್, ಮಂಗಳೂರಲ್ಲಿ 1850ರ ಸುಮಾರಿಗೆ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದರು. ಅಂದರೆ ನಮ್ಮ ದಾಸರ ಪದಗಳು ಪುಸ್ತಕ ಆಗೋಕೆ ಶುರುವಾಗಿ 170 ವರ್ಷ ದಾಟಿದೆ.

ಆ ಪುಸ್ತಕಗಳ ಸ್ಥಿತಿ ಹೇಗಿದೆ? ತಿರುವನಂತಪುರದ ಕಥೆಯೇ. ಪುರಂದರದಾಸರು ನಾಲ್ಕೂಮುಕ್ಕಾಲು ಲಕ್ಷ ಪದ ಹಾಡಿದರು ಅಂತ ನಂಬಿಕೆ, ಕೈಗೆ ಸಿಕ್ಕಿರೋದು ಅದರಲ್ಲಿ ಚಿಟಿಕೆ. ಸಾಹಿತ್ಯಕ್ಕೆ ಒಳ್ಳೆ ಸಂಗ್ರಹಗಳು ಬಂದಿವೆ, ಸರ್ಕಾರದ ಸಮಗ್ರ ದಾಸ ಸಾಹಿತ್ಯ ಸಂಪುಟಗಳಿವೆ. ಧಾತು ಮಾತ್ರ ಬಯಲಲ್ಲೇ ಬಿಟ್ಟಿದೆ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕರ್ನಾಟಕ ಸಂಗೀತದವರು ಮಧ್ಯಮಾವತಿಯಲ್ಲಿ ಹಾಡ್ತಾರೆ. ಭೀಮಸೇನ ಜೋಶಿ ಹಾಡಿದ ಮಟ್ಟೇ ಬೇರೆ. ಧಾರವಾಡದ ಭಜನಾಮಂಡಳಿಯಲ್ಲಿ ಕೂತ ಅಜ್ಜಿ ಹಾಡೋದು ಮೂರನೆಯದು. ಇದರಲ್ಲಿ ಪುರಂದರದಾಸರದು ಯಾವುದು ಅಂತ ಹೇಳೋಕೆ ಯಾರಿಗೂ ಆಗಲ್ಲ, ಅದು ಬಿಡಿ. ಆದರೆ ಅಜ್ಜಿಗೆ ಯಾರು ಕಲಿಸಿದರು ಅನ್ನೋದನ್ನು ಅಜ್ಜಿ ಇರುವಾಗ ಕೇಳಿಟ್ಟುಕೊಳ್ಳಬಹುದಲ್ಲ?

ಇದು ಆಗೋ ಕೆಲಸವಾ ಅನ್ನೋರಿಗೆ ಇಲ್ಲೇ, ಮಟ್ಟಾಂಚೇರಿಯಲ್ಲಿ ಉದಾಹರಣೆ ಇದೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂ ಹಾಡುಗಳನ್ನು ಕೈಬರಹದ ನೋಟ್‌ಬುಕ್ಕುಗಳಲ್ಲಿ ಇಟ್ಟುಕೊಂಡಿದ್ದರು. 1950ರ ದಶಕದಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದಾಗ ನೋಟ್‌ಬುಕ್ಕುಗಳೂ ಪೆಟ್ಟಿಗೆಯಲ್ಲಿ ಹೋದವು. ಆಮೇಲೆ ವಿದ್ವಾಂಸರು ಆ ನೋಟ್‌ಬುಕ್ಕುಗಳನ್ನು ಒಟ್ಟುಮಾಡಿದರು, ಬದುಕಿದ್ದ ಹೆಂಗಸರ ಹಾಡಿಕೆ ರೆಕಾರ್ಡ್ ಮಾಡಿದರು. 2004ರಲ್ಲಿ ಧ್ವನಿಮುದ್ರಿಕೆ ಬಂತು. 2005ರಲ್ಲಿ ಸ್ಕರಿಯಾ ಸಕ್ಕರಿಯಾ ಮತ್ತು ಓಫಿರಾ ಗಮ್ಲಿಯೇಲ್ ಸಂಪಾದಿಸಿದ 'ಕಾರ್ಕುಳಲಿ' ಜೆರುಸಲೇಮಿನಿಂದ ಹೊರಬಂತು, ಮಲಯಾಳಂ ಮೂಲ, ಹೀಬ್ರೂ ಅನುವಾದ. ಊರು ಬಿಟ್ಟು ಹೋದ ಜನ, ಪೆಟ್ಟಿಗೆಯಲ್ಲಿ ನೋಟ್‌ಬುಕ್ಕು. ನಮಗೆ ಇದು ಹೊಸ ಕಥೆ ಅಲ್ಲ.

ಹಾಗಾಗಿ ನಾವು ಕೆಲವರು ಒಂದು ಸ್ಪ್ರೆಡ್‌ಶೀಟ್ ಶುರು ಮಾಡಿದ್ದೀವಿ. ದೊಡ್ಡ ಹೆಸರೇನೂ ಇಟ್ಟಿಲ್ಲ. ನಿಮ್ಮ ತಾಯಿ, ಅಜ್ಜಿ, ಅತ್ತೆ ಯಾರದಾದರೂ ಹಾಡಿನ ಪುಸ್ತಕ ಇದ್ದರೆ ಪುಟಪುಟ ಫೋಟೋ ತೆಗೀರಿ, ಅವರಿಂದ ಎರಡು ಸಾಲು ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕಾಲಂಗಳು ಇಷ್ಟು: ಮೊದಲ ಸಾಲು, ಅಂಕಿತ, ಪುಸ್ತಕದಲ್ಲಿ ಬರೆದಿರುವ ರಾಗ, ಅವರು ಹಾಡುವ ರಾಗ ಗೊತ್ತಿದ್ದರೆ ಅದು, ಯಾರಿಂದ ಕಲಿತದ್ದು, ಯಾವ ಊರು, ಸುಮಾರು ಯಾವ ವರ್ಷ. ರೇಡಿಯೋ ಕೇಳಿ ಕಲಿತದ್ದಾದರೆ ರೇಡಿಯೋ ಅಂತಲೇ ಬರೀರಿ, ನಾಚಿಕೆ ಬೇಡ, ಅದೂ ಮೂಲವೇ. 'ಗೊತ್ತಿಲ್ಲ' ಅಂತ ಬರೆಯೋದಕ್ಕೂ ಪೂರ್ತಿ ಸ್ವಾತಂತ್ರ್ಯ ಇದೆ. ಊಹೆ ಮಾಡಿ ತುಂಬಿಸಬೇಡಿ, ತುಂಬಿಸಲೇಬೇಕು ಅನ್ನಿಸಿದರೆ ಪಕ್ಕದ ಟಿಪ್ಪಣಿ ಕಾಲಮ್ಮಿನಲ್ಲಿ ನಿಮ್ಮ ಹೆಸರು ಹಾಕಿ ಬರೀರಿ.

ದೀಪಾವಳಿಗೆ ಊರಿಗೆ ಹೋಗ್ತೀರಲ್ಲ, ಆಗಲೇ ಆಗಬೇಕು. ಫೈಲ್ ಕಳಿಸುವಾಗ ಹಾಡಿದವರ ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ. ಮತ್ತೆ ಫೈಲಿಗೆ ಊರಿನ ಹೆಸರು ಇಡಿ. ದಯವಿಟ್ಟು 'ಐಎಂಜಿ 2043' ಅಂತ ಕಳಿಸಬೇಡಿ.